ಇನ್ನೊಂದು ಗೀಟು

ಶನಿವಾರ ಹನ್ನೊಂದೂವರೆಗೆ ಕೊನೇ ಬೆಲ್ಲು.
ಹತ್ತನೇ ಬಿ ಸೆಕ್ಷನ್ನನ್ನು ಮಾತ್ರ
ಇನ್ನೊಂದು ಗಂಟೆ ಹಿಡಿದಿಟ್ಟುಕೊಳ್ಳುತ್ತೇನೆ.
ಪ್ರಮೇಯವಲ್ಲ, ತ್ರಿಕೋನಮಿತಿಯಲ್ಲ;
ಹಲಗೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಗೀಟು:
ಎಡಕ್ಕೆ ಬರೋದು, ಬಲಕ್ಕೆ ಹೋಗೋದು.
ಪಿಯುಸಿ ಎರಡು, ಡಿಗ್ರಿ ಮೂರು,
ಐದು ವರ್ಷದ ಲೆಕ್ಕ, ಇವತ್ತೇ, ಪೆನ್ಸಿಲ್ಲಿನಲ್ಲಿ.

ಪೆನ್ಸಿಲ್ಲೇ ಯಾಕೆ ಸಾ, ಅಂದ ದುರುಗೇಶ.
ಫೀಸು ಅವರು ಪೆನ್ನಿನಲ್ಲಿ ಬರೆದಿರ್ತಾರೆ,
ನಾವು ಅಳಿಸಿ ಅಳಿಸಿ ಅದರ ಹತ್ತಿರ ಹೋಗಬೇಕು, ಅಂದೆ.
ಯಾರೂ ನಗಲಿಲ್ಲ.

ಎಡಗಡೆ: ಸ್ಕಾಲರ್‌ಶಿಪ್ಪು.
ಅದು ತಾನಾಗಿ ನಡೆದು ಬರೋದಿಲ್ಲ.
ಜಾತಿಯದೊಂದು ಕಾಗದ, ಆದಾಯದ್ದೊಂದು,
ಆಧಾರಿನ ಹೆಸರೂ ಮಾರ್ಕ್ಸ್‌ಕಾರ್ಡಿನ ಹೆಸರೂ
ಒಂದೇ ಬಸಿರಲ್ಲಿ ಹುಟ್ಟಿದಂತಿರಬೇಕು.
ಶಾಲೆಯ ಹಾಲಮ್ಮ ಆಧಾರಿನಲ್ಲಿ ಆಲಮ್ಮ.
ಒಂದು ಹಕಾರಕ್ಕೆ ಸೆಂಟರಿಗೆ ನಾಲ್ಕು ಸಲ;
ನಾಲ್ಕು ಸಲದ ಆಟೋ ಚಾರ್ಜನ್ನು
ಅವಳ ಕೈಯಲ್ಲೇ ಬಲಗಡೆ ಬರೆಸಿದೆ.

ಹಾಸ್ಟೆಲ್ ಅರ್ಜಿ, ಕೊನೇ ದಿನಾಂಕ ಕೆಂಪು ಸುಣ್ಣದಲ್ಲಿ.
ಬ್ಯಾಂಕಿನ ಸಾಲ ಹುಲಿಯಲ್ಲ, ಬೆಕ್ಕೂ ಅಲ್ಲ,
ಬಡ್ಡಿ ಯಾವತ್ತಿಂದ ಅಂತ ಕೇಳಿ, ಆಮೇಲೆ ಸೈನು.
ನಮ್ಮಪ್ಪ ಚೀಟಿ ಎತ್ತುತ್ತಾನೆ, ಅಂದ ಅಂಜಿನಪ್ಪ,
ಅವನಪ್ಪ ಮಂಡಿಯಲ್ಲಿ ಹಮಾಲಿ.
ಯಾವ ತಿಂಗಳು?
ಜೂನು ಸಾ, ಅಡ್ಮಿಷನ್ನಿಗೆ.
ಜೂನಿನಲ್ಲಿ ಎಲ್ಲರ ಮನೆಯಲ್ಲೂ ಒಂದು ಮಗು ಓದುತ್ತೆ ಕಣೋ,
ಕೂಗು ಏರುತ್ತೆ. ಏಪ್ರಿಲ್ಲಿಗೇ ಎತ್ತೋಕೆ ಹೇಳು.

ಬಲಗಡೆ ಸಲೀಸು. ಫೀಸು, ಪುಸ್ತಕ, ರೆಕಾರ್ಡು, ಬಸ್ ಪಾಸು,
ಕಡೆಗೆ ಎಲ್ಲರೂ ಬರೆಯುವ ‘ಇತರೆ’.
ಇತರೆಯನ್ನು ನಂಬಬೇಡಿ ಅಂದೆ.
ಇಲ್ಲದವರ ದುಡ್ಡು ಹೋಗುವುದೇ ಆ ಹಿಂಬಾಗಿಲಲ್ಲಿ.

ಕಿಟಕಿಯಾಚೆ ದಾವಣಗೆರೆಯ ಬಿಸಿಲು,
ಮಂಡಕ್ಕಿ ಭಟ್ಟಿಗಳ ಹೊಗೆ.
ಕಿಟಕಿ ಪಕ್ಕದ ಬೆಂಚಲ್ಲಿ ಮುಬೀನಾ.
ನಸುಕಿಗೇ ಚೀಲ ತುಂಬಿ, ಬಾಯಿ ಹೊಲಿದು ಬರುವವಳು;
ದುಪಟ್ಟಾದ ಮಡಿಕೆಯಲ್ಲಿ ಒಂದೆರಡು ಬಿಳಿ ಕಾಳು
ಉಳಿದಿರುತ್ತೆ. ಯಾರೂ ಹೇಳುವುದಿಲ್ಲ.

ಸಾ, ಒಂದು ಡೌಟು.
ಕಾಲೇಜಿಗೆ ಹೋದರೆ ನಾನು ಭಟ್ಟಿಗೆ ಹೋಗಲ್ಲ.
ಆ ಕೂಲಿ ಎಡಗಡೆ ಬರೀಲೋ, ಬಲಗಡೆನೋ?

ಬರೋದಲ್ಲ.
ಹೋಗೋದೂ ಅಲ್ಲ.
ಬಾರದೆಯೇ ಹೋಗೋದು.

ಹದಿನೇಳು ವರ್ಷದ ಸರ್ವೀಸಿನಲ್ಲಿ
ಈ ಸಾಲನ್ನು ಯಾರ ಕೈಯಲ್ಲೂ ಬರೆಸಿರಲಿಲ್ಲ ನಾನು.
ಸೀಮೆಸುಣ್ಣ ಬೆರಳಲ್ಲೇ ಬೆವರಿತು.
ನಾನು ಬಿಎಸ್ಸಿ ಓದಿದ ಮೂರು ವರ್ಷ
ನಮ್ಮಕ್ಕ ರುದ್ರಮ್ಮ, ಒಂಬತ್ತಕ್ಕೇ ಬಿಟ್ಟವಳು,
ರೆಡಿಮೇಡ್ ಅಂಗಡಿಯ ಚಡ್ಡಿಗಳಿಗೆ ಗುಂಡಿ ಹಾಕುತ್ತಿದ್ದಳು,
ಡಜನ್ನಿಗಿಷ್ಟು ಅಂತ.
ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ
ಅಪ್ಪ ಓದಿಸಿದ ಎಂದು.
ಸುಳ್ಳೇನಲ್ಲ, ರಸೀದಿಯಲ್ಲಿ ಅಪ್ಪನ ಹೆಸರೇ ಇತ್ತು.

ಹಲಗೆಗೆ ತಿರುಗಿ ಇನ್ನೊಂದು ಗೀಟು ಎಳೆದೆ,
ಜಾಗ ಸಾಲದೆ ಅಂಚಿಗೇ, ಸ್ವಲ್ಪ ಸೊಟ್ಟ.
ದಿನಕ್ಕೆ ಎಷ್ಟಮ್ಮ?
ಹೇಳಿದಳು.
ರಜಾ ಕಳೆದು?
ಭಟ್ಟಿಗೆ ಯಾವ ರಜಾ ಸಾ.
ಗುಣಿಸಿದೆವು. ಮೊತ್ತ ಕಾಲೇಜಿನ ಫೀಸಿಗಿಂತ ದೊಡ್ಡದಿತ್ತು.
ಮೊದಲು ಇದನ್ನು ತುಂಬೋ ದಾರಿ ಹುಡುಕೋಣ, ಅಂದೆ,
ಫೀಸು ಆಮೇಲೆ.
ಇಲ್ಲದಿದ್ದರೆ ಸೀಟು ಸಿಕ್ಕವರೂ
ದಸರಾ ರಜಕ್ಕೆ ಹೋದವರು ತಿರುಗಿ ಬರೋದಿಲ್ಲ.

ಪೆನ್ಸಿಲ್ಲುಗಳು ಒಂದೊಂದೇ ಅಂಚಿಗೆ ಸರಿದವು.
ದುರುಗೇಶ ಬರೆದ: ಮಾವನ ಟೆಂಪೊ, ಕ್ಲೀನರು.
ಅಂಜಿನಪ್ಪ ಬರೆದು, ಅಳಿಸಿ, ಮತ್ತೆ ಬರೆದ.
ಹಾಲಮ್ಮ ಎದ್ದು ನಿಂತಳು.

ಮನೇಲಿ ತಮ್ಮನ್ನ ನೋಡ್ಕೊಳ್ಳೋಳು ನಾನೇ ಸಾ,
ಅದಕ್ಕೆ ಕೂಲಿ ಇಲ್ಲ. ಬರೀಲಾ?

ಬರಿ.

ಎಷ್ಟು ಅಂತ?